ವಿನೋದ ರೋಬಾಟ್‌ಗಳ ಡಿಜಿಟಲ್ ಮಾದರಿ ರಚನೆ

ವಿನೋದ ರೋಬಾಟ್‌ಗಳ ಡಿಜಿಟಲ್ ಮಾದರಿ ರಚನೆಯು, ಕಲ್ಪನೆಯಿಂದ ಹುಟ್ಟಿದ ತಮಾಷೆಯ ಯಂತ್ರಮಾನವರನ್ನು ಕಂಪ್ಯೂಟರಿನಲ್ಲಿ ಮೂರು ಆಯಾಮದ ಆಕೃತಿಗಳಾಗಿ ರೂಪಿಸುವ ಹವ್ಯಾಸ. ಇಲ್ಲಿ ತಯಾರಾಗುವ ರೋಬಾಟ್‌ಗೆ ಮೋಟಾರಾಗಲಿ ವಿದ್ಯುನ್ಮಂಡಲವಾಗಲಿ ಬೇಕಿಲ್ಲ. ಚಿತ್ರವಾಗಿಯೋ ಅನಿಮೇಷನ್ ಆಗಿಯೋ ಮುದ್ರಿತ ಆಟಿಕೆಯಾಗಿಯೋ ಅದು ನೋಡುಗರ ಮುಖದಲ್ಲಿ ನಗು ಮೂಡಿಸಿದರೆ ಸಾಕು. ಆದರೆ ಕೆಲಸ ಮಾಡದ ಈ ಯಂತ್ರವು ತಾನು ಕೆಲಸ ಮಾಡಬಲ್ಲೆನೆಂಬ ನಂಬಿಕೆಯನ್ನು ಹುಟ್ಟಿಸದಿದ್ದರೆ ಆ ನಗುವೂ ಬಾರದು. ಹವ್ಯಾಸದ ಕಷ್ಟವೂ ಸೊಗಸೂ ಇರುವುದು ಅಲ್ಲಿಯೇ.

ಹಿನ್ನೆಲೆ

'ರೋಬಾಟ್' ಪದವು ಜೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ಪ್ರಕಟಿಸಿದ 'ಆರ್.ಯು.ಆರ್.' ನಾಟಕದಿಂದ ಬಳಕೆಗೆ ಬಂದಿತು. ಪದವನ್ನು ಸೂಚಿಸಿದವರು ಅವರ ಅಣ್ಣ, ಚಿತ್ರಕಾರ ಯೋಸೆಫ್ ಚಾಪೆಕ್. ಜೆಕ್ ಭಾಷೆಯ 'ರೊಬೊಟಾ' ಎಂದರೆ ಬಿಟ್ಟಿ ಚಾಕರಿ. ನಾಟಕದ ರೋಬಾಟ್‌ಗಳು ಲೋಹದವಲ್ಲ, ಮಾಂಸದಂತಹ ಕೃತಕ ದ್ರವ್ಯದಿಂದ ಮಾಡಿದವು ಎಂಬುದನ್ನು ಇಂದಿನ ಓದುಗರು ಸಾಮಾನ್ಯವಾಗಿ ಮರೆತಿರುತ್ತಾರೆ. ತಗಡಿನ ಮೈ, ಬಲ್ಬಿನ ಕಣ್ಣುಗಳೆಲ್ಲ ನಂತರದ ಆಟಿಕೆಗಳೂ ಸಿನಿಮಾಗಳೂ ತೊಡಿಸಿದ ವೇಷ.

ಬಹುಕಾಲ ಮೂರು ಆಯಾಮದ ತಂತ್ರಾಂಶಗಳು ದೊಡ್ಡ ಸ್ಟುಡಿಯೋಗಳಿಗೆ ಮಾತ್ರ ಎಟಕುವಷ್ಟು ದುಬಾರಿಯಾಗಿದ್ದವು. ನೆದರ್‌ಲ್ಯಾಂಡ್ಸಿನ ಟಾನ್ ರೂಸೆಂಡಾಲ್ 1994ರಲ್ಲಿ ಆರಂಭಿಸಿದ 'ಬ್ಲೆಂಡರ್', 2002ರಲ್ಲಿ ಸಾರ್ವಜನಿಕರಿಂದ ಸಂಗ್ರಹಿಸಿದ 1 ಲಕ್ಷ ಯೂರೋ ಹಣದಿಂದ ಮುಕ್ತ ತಂತ್ರಾಂಶವಾಯಿತು. ಮನೆಯ ಸಾಧಾರಣ ಕಂಪ್ಯೂಟರಿನಲ್ಲಿ ಈ ಹವ್ಯಾಸ ಸಾಧ್ಯವಾದುದಕ್ಕೆ ಇದು ಮುಖ್ಯ ಕಾರಣ.

ನಂಬಿಕೆ ಮತ್ತು ನಗು

ನಿಜವಾದ ರೋಬಾಟ್‌ನ ರೂಪವನ್ನು ಅದರ ಕೆಲಸವೇ ನಿರ್ಧರಿಸುತ್ತದೆ. ಗಗನಯಾನದ ಮಾನವರಹಿತ ಹಾರಾಟಕ್ಕಾಗಿ ಇಸ್ರೋ ರೂಪಿಸಿ, 2020ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಪ್ರದರ್ಶಿಸಿದ 'ವ್ಯೋಮಮಿತ್ರ'ಕ್ಕೆ ಕಾಲುಗಳಿಲ್ಲ. ಆಸನದಲ್ಲಿ ಕುಳಿತು ಮಾಡುವ ಕೆಲಸಕ್ಕೆ ಕಾಲು ಬೇಕಿಲ್ಲ. ವಿನೋದ ರೋಬಾಟ್‌ಗೂ ಇದೇ ನ್ಯಾಯ ಅನ್ವಯಿಸುತ್ತದೆ, ಕೆಲಸ ಮಾತ್ರ ಹಾಸ್ಯಾಸ್ಪದವಾಗಿರಬಹುದು.

ಮನೆಯ ಕಾಫಿ ಫಿಲ್ಟರನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ತೂತುಗಳಿರುವ ಮೇಲಿನ ಪಾತ್ರೆ ತಲೆ, ಡಿಕಾಕ್ಷನ್ ಸೇರುವ ಕೆಳಗಿನ ಪಾತ್ರೆ ಹೊಟ್ಟೆ, ಮುಚ್ಚಳವೇ ಟೋಪಿ. ಇಷ್ಟಕ್ಕೇ ನಿಂತರೆ ಅದು ಫಿಲ್ಟರಿಗೆ ಕಣ್ಣು ಅಂಟಿಸಿದಂತಾಗುತ್ತದೆ. ಹೊಟ್ಟೆ ತುಂಬಿದಾಗ ತೂಕ ಕೆಳಗಿಳಿಯುತ್ತದಾದ್ದರಿಂದ ಪಾದಗಳು ಅಗಲವಾಗಿರಬೇಕು. ಪುಡಿಯನ್ನು ಅದುಮುವ ಬಿಲ್ಲೆಯ ಹಿಡಿಯು ಕುತ್ತಿಗೆಯ ಅಚ್ಚಾಗಿ ತಲೆಯನ್ನು ಮೇಲೆ ಕೆಳಗೆ ಸರಿಸಬಹುದು. ಹನಿಹನಿಯಾಗಿ ಇಳಿಯುವುದೇ ಅದರ ಸ್ವಭಾವವಾದ್ದರಿಂದ, ಕೇಳಿದ ಪ್ರಶ್ನೆಗೆ ಅರ್ಧ ಗಂಟೆಯ ನಂತರ ಉತ್ತರಿಸುವ ರೋಬಾಟ್ ಇದು. ಈ ಹಂತದಲ್ಲಿ ವಸ್ತುವು ಪಾತ್ರವಾಗುತ್ತದೆ. ಪಿಕ್ಸಾರ್ ಸಂಸ್ಥೆಯ 1986ರ ಕಿರುಚಿತ್ರ 'ಲಕ್ಸೊ ಜೂನಿಯರ್', ಕಣ್ಣು ಬಾಯಿ ಒಂದೂ ಇಲ್ಲದ ಮೇಜುದೀಪಗಳಲ್ಲಿ ತೂಕ ಮತ್ತು ಬಾಗುವಿಕೆಯಿಂದಲೇ ಭಾವ ತುಂಬಿತ್ತು.

ರಚನೆಯ ಕ್ರಮ

ಕೆಲಸ ಕಾಗದದ ಮೇಲೆ ಆರಂಭವಾಗುವುದು ಉತ್ತಮ. ಮುಂಭಾಗ ಮತ್ತು ಪಾರ್ಶ್ವದ ರೇಖಾಚಿತ್ರಗಳನ್ನು ತಂತ್ರಾಂಶದಲ್ಲಿ ಹಿನ್ನೆಲೆಯಾಗಿಟ್ಟು, ಘನ, ಗೋಳ, ಉರುಳೆಗಳಿಂದ ಮೈಯನ್ನು ಜೋಡಿಸಲಾಗುತ್ತದೆ. ಎಡ–ಬಲ ಒಂದೇ ಆಗಿರುವ ದೇಹದಲ್ಲಿ ಅರ್ಧವನ್ನು ಮಾತ್ರ ರಚಿಸಿದರೆ ಉಳಿದರ್ಧವು ಕನ್ನಡಿಯ ಬಿಂಬದಂತೆ ತಾನಾಗಿ ಮೂಡುತ್ತದೆ. ಮೊಣಕೈ, ಮೊಣಕಾಲುಗಳು ಯಾವ ಅಚ್ಚಿನ ಸುತ್ತ ತಿರುಗುತ್ತವೆ ಎಂಬುದನ್ನು ಅಲಂಕಾರಕ್ಕೆ ಮೊದಲೇ ಗೊತ್ತುಪಡಿಸಬೇಕು. ಇಲ್ಲವಾದರೆ ಅನಿಮೇಷನ್ ವೇಳೆ ಭಾಗಗಳು ಒಂದರೊಳಗೊಂದು ತೂರಿಕೊಳ್ಳುತ್ತವೆ.

ಹೊಸಬರು ಹೆಚ್ಚಾಗಿ ಅಂಚುಗಳನ್ನು ಕತ್ತಿಯ ಅಲಗಿನಷ್ಟು ಚೂಪಾಗಿ ಬಿಡುತ್ತಾರೆ. ನಿಜವಾದ ಲೋಹದ ವಸ್ತುವಿನ ಅಂಚು ಸ್ವಲ್ಪವಾದರೂ ದುಂಡಗಿದ್ದು, ಬೆಳಕಿನ ಗೆರೆಯೊಂದನ್ನು ಹಿಡಿದಿಡುತ್ತದೆ. ಸವೆತಕ್ಕೂ ತರ್ಕ ಉಂಟು: ಬಣ್ಣ ಹೋಗಬೇಕಾದುದು ಕೈ ತಾಗುವ ಹಿಡಿಯಲ್ಲಿ ಮತ್ತು ನೆಲಕ್ಕೆ ಉಜ್ಜುವ ಪಾದದಲ್ಲಿ. ಮೈತುಂಬ ಸಮನಾಗಿ ಹರಡಿದ ತುಕ್ಕು ಯಾರನ್ನೂ ನಂಬಿಸದು.

ಪಶ್ಚಿಮ ಬೆಂಗಳೂರಿನ ಪರಿಸರ

ಇಂತಹ ವಿವರಗಳನ್ನು ಕಣ್ಣಾರೆ ಕಂಡು ಕಲಿಯಲು ಬೆಂಗಳೂರಿನ ಪಶ್ಚಿಮ ಭಾಗ ಅನುಕೂಲಕರ. ರಾಜಾಜಿನಗರದ ಕೈಗಾರಿಕಾ ಬಡಾವಣೆ, ಬಸವೇಶ್ವರನಗರ ಮತ್ತು ವಿಜಯನಗರಗಳಿಗೆ ಹತ್ತಿರದ ಕಾಮಾಕ್ಷಿಪಾಳ್ಯ, ಉತ್ತರಕ್ಕಿರುವ ಪೀಣ್ಯ ಇವೆಲ್ಲ ಲೇತ್, ಡ್ರಿಲ್ಲಿಂಗ್, ತಗಡಿನ ಕೆಲಸದ ಸಣ್ಣ ಘಟಕಗಳಿಗೆ ಹೆಸರಾದ ಸ್ಥಳಗಳು. ಬೋಲ್ಟು ಯಾವ ದಿಕ್ಕಿನಿಂದ ಹೋಗುತ್ತದೆ, ಬೇರಿಂಗ್ ಎಲ್ಲಿ ಕೂರುತ್ತದೆ ಎಂಬುದಕ್ಕೆ ಅಲ್ಲಿಯ ಯಂತ್ರಗಳಿಗಿಂತ ಒಳ್ಳೆಯ ಪಾಠಪುಸ್ತಕ ಸಿಗಲಾರದು.

ಕೆಂಗೇರಿಯ ಮೂಲಕ ಸಾಗುವ ಮೈಸೂರು ರಸ್ತೆಯಲ್ಲಿ, ಬೆಂಗಳೂರಿನಿಂದ ಸುಮಾರು 60 ಕಿ.ಮೀ. ದೂರದ ಚನ್ನಪಟ್ಟಣ ಇನ್ನೊಂದು ಪಾಠಶಾಲೆ. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಅಲ್ಲಿಯ ಅರಗಿನ ಬಣ್ಣದ ಗೊಂಬೆಗಳಲ್ಲಿ ಬಹುಪಾಲನ್ನು ಮರದ ತುಂಡನ್ನು ಲೇತಿನಲ್ಲಿ ತಿರುಗಿಸುತ್ತ ಉಳಿಯಿಂದ ಕೆತ್ತಿ ಮಾಡುತ್ತಾರೆ. ತಂತ್ರಾಂಶದಲ್ಲಿಯೂ ಒಂದು ಗೆರೆಯನ್ನು ಅಚ್ಚಿನ ಸುತ್ತ ತಿರುಗಿಸಿ ಉರುಟಾದ ಆಕೃತಿ ಪಡೆಯುವ ಉಪಕರಣವಿದೆ. ಎರಡರ ಜ್ಯಾಮಿತಿಯೂ ಒಂದೇ. ಗೊಂಬೆಯ ಮುಖವನ್ನು ಎರಡು ಚುಕ್ಕಿ, ಒಂದು ಗೆರೆಯಲ್ಲಿ ಮುಗಿಸುವ ಅಲ್ಲಿಯ ಮಿತವ್ಯಯವು, ನೂರಾರು ತಂತಿಗಳನ್ನು ತುರುಕಿದ ಎಷ್ಟೋ ಪರದೆಯ ರೋಬಾಟ್‌ಗಳಿಗೆ ಬೇಕಾಗಿರುವ ಗುಣ.

ಮುದ್ರಣ

ಮಾದರಿಯನ್ನು ಕೈಗೆ ಸಿಗುವ ವಸ್ತುವಾಗಿಸಲು ಮೂರು ಆಯಾಮದ ಮುದ್ರಕ ಬೇಕು. ಇದಕ್ಕೆ ಹೆಚ್ಚಾಗಿ ಬಳಸುವ ಎಸ್‌ಟಿಎಲ್ ಕಡತದಲ್ಲಿ ಸಂಖ್ಯೆಗಳಿರುತ್ತವೆಯೇ ಹೊರತು ಅಳತೆಯ ಮಾನವಿರುವುದಿಲ್ಲ. ಮೀಟರಿನಲ್ಲಿ 0.06 ಎಂದು, ಅಂದರೆ 6 ಸೆಂ.ಮೀ. ಎತ್ತರಕ್ಕೆ ರಚಿಸಿದ ರೋಬಾಟನ್ನು ಹಾಗೆಯೇ ಕಳುಹಿಸಿದರೆ, ಮುದ್ರಣ ತಂತ್ರಾಂಶವು ಅದನ್ನು 0.06 ಮಿ.ಮೀ. ಎಂದು ಓದುತ್ತದೆ: ಒಂದು ಕೂದಲೆಳೆಯ ದಪ್ಪ! 1000 ಪಟ್ಟು ಹಿಗ್ಗಿಸುವುದು ಇದಕ್ಕೆ ಪರಿಹಾರ. ತಿರುಗಬೇಕಾದ ಕೀಲುಗಳ ನಡುವೆ ಸುಮಾರು 0.3ರಿಂದ 0.5 ಮಿ.ಮೀ. ತೆರವಿಲ್ಲದಿದ್ದರೆ ಪ್ಲಾಸ್ಟಿಕ್ ಬೆಸೆದುಕೊಂಡು ಕೈಕಾಲುಗಳು ಅಲುಗುವುದಿಲ್ಲ.

ಹಕ್ಕುಗಳು

ಇತರರು ಹಂಚಿದ ಬಿಡಿಭಾಗಗಳನ್ನು ಬಳಸುವಾಗ ಪರವಾನಗಿಯನ್ನು ಓದುವುದು ಅವಶ್ಯಕ. ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳಲ್ಲಿ ಕೆಲವು ಮಾರಾಟವನ್ನು ನಿಷೇಧಿಸುತ್ತವೆ. ತಮ್ಮದೇ ಕೃತಿಯ ವಿಷಯದಲ್ಲಿ ಹವ್ಯಾಸಿಗಳು ಅರಿಯದೆ ಕಳೆದುಕೊಳ್ಳುವುದೂ ಉಂಟು. ಭಾರತದ ಹಕ್ಕುಸ್ವಾಮ್ಯ ಅಧಿನಿಯಮ, 1957ರ 15ನೆಯ ಪ್ರಕರಣದಂತೆ, ವಿನ್ಯಾಸವಾಗಿ ನೋಂದಣಿಗೆ ಅರ್ಹವಾಗಿದ್ದೂ ನೋಂದಣಿಯಾಗದ ರೂಪವನ್ನು ಅದರ ಒಡೆಯರೋ ಅವರ ಅನುಮತಿ ಪಡೆದವರೋ ಕೈಗಾರಿಕಾ ವಿಧಾನದಿಂದ 50ಕ್ಕಿಂತ ಹೆಚ್ಚು ಬಾರಿ ತಯಾರಿಸಿದರೆ ಆ ವಿನ್ಯಾಸದ ಮೇಲಿನ ಹಕ್ಕುಸ್ವಾಮ್ಯ ಕೊನೆಗೊಳ್ಳುತ್ತದೆ. ಮೊದಲೇ ಸಾರ್ವಜನಿಕವಾಗಿ ಪ್ರಕಟವಾದ ವಿನ್ಯಾಸವನ್ನು ವಿನ್ಯಾಸ ಅಧಿನಿಯಮ, 2000ರ ಅಡಿ ನೋಂದಾಯಿಸಲು ಬರುವುದಿಲ್ಲವಾದ್ದರಿಂದ, ಆಟಿಕೆಯಾಗಿ ಮಾರುವ ಉದ್ದೇಶವುಳ್ಳವರು ಚಿತ್ರವನ್ನು ಅಂತರಜಾಲದಲ್ಲಿ ಹಾಕುವ ಮುನ್ನವೇ ಅರ್ಜಿ ಸಲ್ಲಿಸಬೇಕಾಗುತ್ತದೆ. ನೋಂದಣಿಯ ಅವಧಿ 10 ವರ್ಷ. ಅದನ್ನು ಇನ್ನೂ 5 ವರ್ಷ ವಿಸ್ತರಿಸಿಕೊಳ್ಳಬಹುದು.