ಬಟ್ಟಲ ತಳದ ರಸ

ಜುಲೈ, ಆಗಸ್ಟ್ ತಿಂಗಳಲ್ಲಿ ಗ್ರೀಸ್ ದೇಶದ ಊಟದಂಗಡಿಗಳಲ್ಲಿ ಮೇಜಿಗೆ ಮೊದಲು ಬರುವುದು ಹೆಚ್ಚುಕಡಿಮೆ ಒಂದೇ ತಿನಿಸು. ದಪ್ಪ ಹೋಳುಗಳಾಗಿ ಹೆಚ್ಚಿದ ಟೊಮೇಟೊ, ಸೌತೆಕಾಯಿ, ಈರುಳ್ಳಿ, ಹಸಿರು ದಪ್ಪಮೆಣಸಿನಕಾಯಿ, ಒಂದಷ್ಟು ಕಪ್ಪು ಆಲಿವ್. ಇವುಗಳ ಮೇಲೆ ಅಗಲವಾದ ಒಂದೇ ತುಂಡು ಬಿಳಿ ಚೀಸ್, ಅದರ ಮೇಲೆ ಉದುರಿಸಿದ ಒಣ ಒರೆಗಾನೊ, ಎಲ್ಲದರ ಮೇಲೂ ಧಾರಾಳವಾಗಿ ಸುರಿದ ಆಲಿವ್ ಎಣ್ಣೆ. ಹೋರಿಯಾಟಿಕಿ ಎಂದು ಇದರ ಹೆಸರು. ಹಳ್ಳಿಯ ಸಲಾಡ್ ಎಂದರ್ಥ. ಹೊರಗಿನವರು ಗ್ರೀಕ್ ಸಲಾಡ್ ಎನ್ನುವುದು ಇದನ್ನೇ. ಒಲೆ ಹಚ್ಚುವಂತಿಲ್ಲ, ಕಾಲು ಗಂಟೆಯ ಕೆಲಸ. ಆದರೆ ನಮ್ಮ ಪಟ್ಟಣಗಳ ಹೋಟೆಲುಗಳಲ್ಲಿ ಈ ಹೆಸರಿನಿಂದ ಬರುವ ಬಟ್ಟಲಿನಲ್ಲಿ ಎಷ್ಟೋ ಸಲ ಲೆಟ್ಯೂಸ್ ಎಲೆಯೇ ತುಂಬಿರುತ್ತದೆ, ಫ್ರಿಜ್ಜಿನಿಂದ ಆಗಷ್ಟೇ ತೆಗೆದ ತರಕಾರಿ ಜುಮ್ಮೆನ್ನುತ್ತಿರುತ್ತದೆ, ಚೀಸ್ ಪುಡಿಪುಡಿಯಾಗಿ ಎಲ್ಲೆಡೆ ಅಂಟಿರುತ್ತದೆ. ಗ್ರೀಸಿನ ಅಡುಗೆಮನೆಯಲ್ಲಿ ಈ ಮೂರನ್ನೂ ಮಾಡುವುದಿಲ್ಲ. ಅದಕ್ಕೆ ಕಾರಣ ಬಟ್ಟಲಿನ ತಳದಲ್ಲಿ ನಿಲ್ಲುವ ರಸ.

ಕೋಸಂಬರಿಗೆ ಉಪ್ಪನ್ನು ಬಡಿಸುವ ಹೊತ್ತಿಗೆ ಹಾಕಬೇಕು, ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಡುತ್ತದೆ ಎಂದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಹೋರಿಯಾಟಿಕಿಯ ದಾರಿ ಇದಕ್ಕೆ ತಿರುವುಮುರುವು. ಇಲ್ಲಿ ಟೊಮೇಟೊ ನೀರು ಬಿಡಲೇಬೇಕು. ಟೊಮೇಟೊ ಹಣ್ಣಿನ ತೂಕದಲ್ಲಿ ನೂರಕ್ಕೆ 94ರಷ್ಟು ನೀರೇ ಇರುತ್ತದೆ. ಹೆಚ್ಚಿದ ಹೋಳಿನ ಮೇಲೆ ಉಪ್ಪು ಬಿದ್ದಾಗ ಹೊರಗೆ ಉಪ್ಪಿನ ಸಾಂದ್ರತೆ ಹೆಚ್ಚುತ್ತದೆ. ಜೀವಕೋಶಗಳ ಒಳಗಿನ ನೀರು ಪೊರೆ ದಾಟಿ ಹೊರಗೆ ಬರುತ್ತದೆ. ಹೋಳಾದಾಗ ಕತ್ತರಿಸಿದ ಕೋಶಗಳಿಂದಲೂ ಬೀಜದ ಸುತ್ತಲಿನ ಲೋಳೆಯಿಂದಲೂ ಹುಳಿ, ಸಕ್ಕರೆ ಎಲ್ಲ ಆ ನೀರಿಗೆ ಸೇರಿಕೊಳ್ಳುತ್ತವೆ. ಹತ್ತು ನಿಮಿಷದಲ್ಲಿ ತಳದಲ್ಲಿ ನಸುಗೆಂಪು ರಸ ನಿಂತಿರುತ್ತದೆ. ಅದಕ್ಕೆ ಎಣ್ಣೆ, ಒರೆಗಾನೊ, ಚೀಸಿನಿಂದ ಕರಗಿದ ಉಪ್ಪು ಸೇರಿದರೆ ಸಲಾಡಿಗೆ ಬೇಕಾದ ಸಾಸ್ ತಾನಾಗಿಯೇ ಆಯಿತು. ಬೇರೆ ಬಟ್ಟಲಿನಲ್ಲಿ ಏನನ್ನೂ ಕಡೆಯಬೇಕಿಲ್ಲ. ಹುಳಿಯನ್ನು ಟೊಮೇಟೊ ಕೊಡುವುದರಿಂದ ನಿಂಬೆರಸವೂ ಬೇಡ. ವಿನೆಗರನ್ನು ಕೆಲವರು ಒಂದು ಚಮಚ ಹಾಕುತ್ತಾರೆ, ಕೆಲವರು ಹತ್ತಿರ ಬಿಡುವುದಿಲ್ಲ. ಹಣ್ಣು ಸರಿಯಾಗಿ ಮಾಗಿದ್ದರೆ ವಿನೆಗರ್ ಇಲ್ಲದಿರುವುದೇ ಚೆನ್ನ ಎಂಬುದು ನನ್ನ ಅಭಿಪ್ರಾಯ.

ಟೊಮೇಟೊವಿನ ಬೀಜ ಮತ್ತು ಲೋಳೆಯನ್ನು ತೆಗೆದು ಎಸೆಯುವ ಪದ್ಧತಿ ಕೆಲವು ಅಡುಗೆಗಳಲ್ಲಿದೆ. ಇಲ್ಲಿ ಅದು ಸಲ್ಲದು. ತಿರುಳಿಗಿಂತ ಈ ಲೋಳೆಯಲ್ಲೇ ಗ್ಲುಟಮೇಟ್ ಹೆಚ್ಚು. ಸಾರಿಗೆ, ಗೊಜ್ಜಿಗೆ ಟೊಮೇಟೊ ಕೊಡುವ ತುಂಬು ರುಚಿಯ ಮೂಲಗಳಲ್ಲಿ ಅದೂ ಒಂದು. ಹಾಗೆಯೇ ಹಣ್ಣನ್ನು ಫ್ರಿಜ್ಜಿನಲ್ಲಿ ಇಡಬಾರದು. ಹಲವು ದಿನ ತೀರ ತಣ್ಣಗೆ ಇಟ್ಟ ಟೊಮೇಟೊದಲ್ಲಿ ಪರಿಮಳ ಹುಟ್ಟಿಸುವ ಜೀನುಗಳ ಕೆಲಸ ಕುಗ್ಗುತ್ತದೆ, ಮತ್ತೆ ಹೊರಗಿಟ್ಟರೂ ಆ ಪರಿಮಳ ಪೂರ್ತಿಯಾಗಿ ಮರಳುವುದಿಲ್ಲ ಎಂದು 2016ರಲ್ಲಿ ಫ್ಲೋರಿಡಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ತೋರಿಸಿದರು. ಮಾರುಕಟ್ಟೆಯಲ್ಲಿ ಸಿಗುವ ಗಟ್ಟಿಸಿಪ್ಪೆಯ ಹೈಬ್ರಿಡ್ ಹಣ್ಣನ್ನು ದೂರದ ಸಾಗಣೆಗೆಂದೇ ಬೆಳೆಸಿರುತ್ತಾರೆ. ಅದರಲ್ಲಿ ರಸ ಕಡಿಮೆ. ನಾಟಿ ಟೊಮೇಟೊ ಸಿಕ್ಕರೆ ಅದನ್ನೇ ತನ್ನಿ, ಹುಳಿ ಹೆಚ್ಚಿದ್ದರೂ ಎಣ್ಣೆ ಅದನ್ನು ಹದಗೊಳಿಸುತ್ತದೆ. ಹೈಬ್ರಿಡ್ಡೇ ಗತಿ ಎನ್ನುವಾಗ ಎರಡು ಮೂರು ದಿನ ಹೊರಗಿಟ್ಟು, ಒತ್ತಿದರೆ ಸ್ವಲ್ಪ ಮೆತ್ತಗಾಗುವವರೆಗೆ ಕಾಯಿರಿ.

ಗ್ರೀಕರ ಊಟದಲ್ಲಿ ಟೊಮೇಟೊ ಇಷ್ಟು ಬೇರೂರಿದ್ದರೂ ಅದು ಅಲ್ಲಿಗೆ ಹೊಸದು. ಆಲಿವ್, ಈರುಳ್ಳಿ, ಕುರಿ ಹಾಲಿನ ಚೀಸ್ ಆ ನೆಲದಲ್ಲಿ ಸಾವಿರಾರು ವರ್ಷಗಳಿಂದ ಇವೆ. ಹೋಮರನ ಒಡಿಸ್ಸಿಯಲ್ಲಿ ಒಕ್ಕಣ್ಣಿನ ದೈತ್ಯ ತನ್ನ ಗುಹೆಯಲ್ಲಿ ಕುರಿ ಮೇಕೆಗಳ ಹಾಲು ಕರೆದು ಚೀಸ್ ಮಾಡುತ್ತಾನೆ. ಟೊಮೇಟೊ ಮತ್ತು ದಪ್ಪಮೆಣಸಿನಕಾಯಿ ಮಾತ್ರ ಅಮೆರಿಕ ಖಂಡದಿಂದ ಬಂದವು. ಗ್ರೀಸಿನಲ್ಲಿ ಟೊಮೇಟೊ ಬೇಸಾಯ ನೆಲೆಯೂರಿದ್ದು 19ನೇ ಶತಮಾನದಲ್ಲಿ. ಸಾಕ್ರಟೀಸ್ ಈ ಸಲಾಡಿನ ರುಚಿ ಕಂಡಿರಲಿಲ್ಲ. ಈಗ ಸ್ಯಾಂಟೊರಿನಿ ದ್ವೀಪದ ಜ್ವಾಲಾಮುಖಿಯ ಮಣ್ಣಿನಲ್ಲಿ, ಮಳೆ ತೀರ ಕಡಿಮೆಯಿರುವ ಕಡೆ, ನೀರು ಹಾಯಿಸದೆ ಬೆಳೆಯುವ ಪುಟ್ಟ ಟೊಮೇಟೊಗೆ ಐರೋಪ್ಯ ಒಕ್ಕೂಟದ ಪ್ರದೇಶ ಗುರುತೇ ಸಿಕ್ಕಿದೆ.

ನಾಲ್ಕು ಮಂದಿಗೆ ಅಳತೆ ಹೀಗೆ. ಅರ್ಧ ಕಿಲೋಗಿಂತ ತುಸು ಹೆಚ್ಚು ಟೊಮೇಟೊ, ಒಂದು ದೊಡ್ಡ ಸೌತೆಕಾಯಿ, ಒಂದು ಸಣ್ಣ ಕೆಂಪು ಈರುಳ್ಳಿ, ಅರ್ಧ ದಪ್ಪಮೆಣಸಿನಕಾಯಿ, ಹನ್ನೆರಡು ಆಲಿವ್, 150ರಿಂದ 200 ಗ್ರಾಂ ಫೆಟಾ ಚೀಸ್, ನಾಲ್ಕೈದು ದೊಡ್ಡ ಚಮಚ ಆಲಿವ್ ಎಣ್ಣೆ, ಒಂದು ಚಿಕ್ಕ ಚಮಚ ಒರೆಗಾನೊ. ಉಪ್ಪು ಅರ್ಧ ಚಿಕ್ಕ ಚಮಚ ಸಾಕು, ಚೀಸು ಆಲಿವುಗಳಲ್ಲೇ ಬೇಕಾದಷ್ಟಿದೆ. ಟೊಮೇಟೊವನ್ನು ಅಗಲವಾದ ಬಟ್ಟಲಿನ ಮೇಲೆಯೇ ಹಿಡಿದು ದಪ್ಪ ಹೋಳು ಮಾಡಿ, ಒಂದು ಹನಿ ರಸವೂ ಹಲಗೆಯ ಮೇಲೆ ಉಳಿಯದಿರಲಿ. ಉಪ್ಪನ್ನು ಈಗಲೇ, ಟೊಮೇಟೊದ ಮೇಲೆ ಮಾತ್ರ ಹಾಕಿ ಹತ್ತು ನಿಮಿಷ ಬಿಡಿ. ಅಷ್ಟರಲ್ಲಿ ಉಳಿದವನ್ನು ಹೆಚ್ಚಿಕೊಳ್ಳಬಹುದು. ಸೌತೆಕಾಯಿ ಕಹಿಯೇ ಎಂದು ತುದಿ ಕೊಯ್ದು ನೋಡಿ. ಬಿಲ್ಲೆಗಳು ಬೆರಳಿನಷ್ಟು ದಪ್ಪ ಇರಲಿ, ಕೊಚ್ಚುವುದು ಬೇಡ. ಈರುಳ್ಳಿಯನ್ನು ಕತ್ತರಿಸಿದಾಗ ಕೋಶಗಳು ಒಡೆದು, ಅದರೊಳಗಿನ ಕಿಣ್ವ ಗಂಧಕದ ಸಂಯುಕ್ತಗಳ ಮೇಲೆ ಕೆಲಸ ಮಾಡಿ ಘಾಟು ಹುಟ್ಟುತ್ತದೆ. ತೆಳುವಾಗಿ ಹೆಚ್ಚಿ ಐದು ನಿಮಿಷ ತಣ್ಣೀರಿನಲ್ಲಿ ನೆನೆಸಿ ಹಿಂಡಿದರೆ ಘಾಟು ನೀರಿನೊಂದಿಗೆ ಹೋಗುತ್ತದೆ, ಸಿಹಿ ಉಳಿಯುತ್ತದೆ.

ಚೀಸಿನ ವಿಷಯದಲ್ಲಿ ಗ್ರೀಕರು ಬಿಗಿ. ಫೆಟಾ ಎಂಬ ಹೆಸರಿಗಾಗಿ ಅವರು ಯೂರೋಪಿನ ನ್ಯಾಯಾಲಯಗಳಲ್ಲಿ ವರ್ಷಗಟ್ಟಲೆ ಹೋರಾಡಿದ್ದಾರೆ. 2002ರಲ್ಲಿ ಐರೋಪ್ಯ ಒಕ್ಕೂಟ ಅದನ್ನು ಗ್ರೀಸಿನ ಹೆಸರೆಂದು ದಾಖಲಿಸಿತು. ಡೆನ್ಮಾರ್ಕ್, ಜರ್ಮನಿಗಳು ಆಕ್ಷೇಪಿಸಿದವು. 2005ರಲ್ಲಿ ಐರೋಪ್ಯ ನ್ಯಾಯಾಲಯ ಗ್ರೀಸಿನ ಪರ ತೀರ್ಪು ಕೊಟ್ಟಿತು. ನಿಯಮದಂತೆ ಫೆಟಾದಲ್ಲಿ ನೂರಕ್ಕೆ 70 ಭಾಗವಾದರೂ ಕುರಿ ಹಾಲಿರಬೇಕು, ಉಳಿದದ್ದು ಮೇಕೆ ಹಾಲು, ಹಸುವಿನ ಹಾಲು ಕೂಡದು. ಉಪ್ಪುನೀರಿನಲ್ಲಿ ಒಟ್ಟು ಎರಡು ತಿಂಗಳಾದರೂ ಮಾಗಬೇಕು. ಗ್ರೀಸಿನ ಮೇಜಿಗೆ ಅದು ಇಡೀ ತುಂಡಾಗಿಯೇ ಬರುತ್ತದೆ. ಮೊದಲೇ ಪುಡಿಮಾಡಿ ಕಲಸಿದರೆ ರಸವೆಲ್ಲ ಬಿಳಿಚಿಕೊಂಡು ಮಂದವಾಗುತ್ತದೆ. ತುಂಡಾಗಿದ್ದರೆ ತಿನ್ನುವವರು ತಮಗೆ ಬೇಕಾದಷ್ಟು ಮುರಿದುಕೊಳ್ಳುತ್ತಾರೆ, ತುತ್ತುತುತ್ತಿಗೂ ರುಚಿ ಬೇರೆಯಾಗುತ್ತದೆ.

ಸಸ್ಯಾಹಾರಿಗಳು ಒಂದು ವಿಷಯ ತಿಳಿದಿರಬೇಕು. ಹಳೆಯ ಪದ್ಧತಿಯಲ್ಲಿ ಈ ಚೀಸಿನ ಹಾಲನ್ನು ಒಡೆಸುವುದು ಕುರಿಮರಿ, ಮೇಕೆಮರಿಗಳ ಜಠರದಿಂದ ತೆಗೆದ ರೆನೆಟ್‌ನಿಂದ. ಪೊಟ್ಟಣದ ಮೇಲೆ ಹಸಿರು ಗುರುತು ನೋಡಿಯೇ ಕೊಳ್ಳಿ. ಫೆಟಾ ದುಬಾರಿ ಎನಿಸಿದರೆ ಪನೀರನ್ನು ಹದಮಾಡಿಕೊಳ್ಳಬಹುದು. ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಸುಮಾರು 70 ಗ್ರಾಂ ಉಪ್ಪು, ಒಂದೆರಡು ಚಮಚ ನಿಂಬೆರಸ ಬೆರೆಸಿ, ಮೆತ್ತನೆಯ ಪನೀರನ್ನು ಅದರಲ್ಲಿ ಮುಳುಗಿಸಿ ಒಂದು ರಾತ್ರಿ ಫ್ರಿಜ್ಜಿನಲ್ಲಿಡಿ. ಕುರಿ ಹಾಲಿನ ಆ ಕಟುವಾದ ಸೊಗಡು ಇದಕ್ಕೆ ಬಾರದು. ಉಪ್ಪು, ಹುಳಿ, ಹಾಲಿನ ಮೃದುತನ ಈ ಮೂರೂ ಸಿಗುತ್ತವೆ, ಮನೆಯ ಊಟಕ್ಕೆ ಅಷ್ಟು ಸಾಲುತ್ತದೆ.

ಆಲಿವ್ ಕಾಯಿಯನ್ನು ಮರದಿಂದ ಕಿತ್ತು ಬಾಯಿಗೆ ಹಾಕಿಕೊಂಡರೆ ಉಗುಳಬೇಕಾಗುತ್ತದೆ. ಓಲಿಯುರೊಪೀನ್ ಎಂಬ ವಸ್ತುವಿನಿಂದ ಅದು ಅಷ್ಟು ಕಹಿ. ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ಇಟ್ಟಾಗ ಕಹಿ ಇಳಿಯುತ್ತದೆ. ಪೆಲೊಪೊನೀಸ್‌ನ ಕಲಮಾಟ ಊರಿನ ಹೆಸರು ಹೊತ್ತ, ಬಾದಾಮಿ ಆಕಾರದ, ನೇರಳೆ ಬಣ್ಣದ ಆಲಿವ್ ಈ ಸಲಾಡಿಗೆ ಹೇಳಿದ್ದು. ಬೀಜ ತೆಗೆಯದೆ ಹಾಕಿ. ಬೀಜ ತೆಗೆದು ಡಬ್ಬಿಯಲ್ಲಿಟ್ಟದ್ದು ಮೆತ್ತಗಾಗಿ ಉಪ್ಪಷ್ಟೇ ಉಳಿದಿರುತ್ತದೆ. ಎಣ್ಣೆ ಮಾತ್ರ ‘ಎಕ್ಸ್‌ಟ್ರಾ ವರ್ಜಿನ್’ ಎಂದಿರುವುದೇ ಆಗಬೇಕು. ಕಾಯಿಯನ್ನು ಅರೆದು ಬಿಸಿ ಹಾಗೂ ರಾಸಾಯನಿಕಗಳ ನೆರವಿಲ್ಲದೆ ತೆಗೆದ, ಆಮ್ಲತೆ ನೂರಕ್ಕೆ 0.8 ಮೀರದ ಎಣ್ಣೆ ಅದು. ಒಳ್ಳೆಯ ತಾಜಾ ಎಣ್ಣೆಯನ್ನು ಹಾಗೆಯೇ ಕುಡಿದರೆ ಗಂಟಲಲ್ಲಿ ಸಣ್ಣಗೆ ಖಾರ ಹತ್ತುತ್ತದೆ. ಓಲಿಯೊಕ್ಯಾಂತಾಲ್ ಎಂಬ ವಸ್ತುವಿನ ಗುಣವದು, ಕೆಟ್ಟಿದೆ ಎಂದು ಹೆದರಬೇಡಿ. ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಸಿಗುವ ಪೊಮೇಸ್ ಎಣ್ಣೆ ಒಗ್ಗರಣೆಗೆ ಆದೀತು, ಹಸಿಯಾಗಿ ತಿನ್ನುವ ಈ ತಿನಿಸಿಗೆ ಒಗ್ಗದು.

ಒರೆಗಾನೊ ಒಣಗಿದ್ದೇ ಇರಲಿ. ಗ್ರೀಕರು ಬೇಸಿಗೆಯಲ್ಲಿ ಹೂಬಿಟ್ಟ ಕಡ್ಡಿಗಳನ್ನು ಕೊಯ್ದು ನೆರಳಿನಲ್ಲಿ ಒಣಗಿಸಿಡುತ್ತಾರೆ, ಬಡಿಸುವಾಗ ಅಂಗೈಯಲ್ಲಿ ಉಜ್ಜಿ ಉದುರಿಸುತ್ತಾರೆ. ಅದರ ಘಮಕ್ಕೆ ಮುಖ್ಯ ಕಾರಣ ಕಾರ್ವಕ್ರೋಲ್ ಎಂಬ ತೈಲಾಂಶ. ಇದೇ ಅಂಶ ನಮ್ಮ ಹಿತ್ತಿಲ ದೊಡ್ಡಪತ್ರೆಯಲ್ಲೂ ಇದೆ. ಒರೆಗಾನೊ ಇಲ್ಲದ ದಿನ ದೊಡ್ಡಪತ್ರೆಯ ಒಂದು ಎಳೆ ಎಲೆಯನ್ನು ಸಣ್ಣಗೆ ಹೆಚ್ಚಿ ಹಾಕಬಹುದು. ಒಂದೇ ಎಲೆ, ಎರಡಾದರೆ ಬೇರೇನೂ ತಿಳಿಯುವುದಿಲ್ಲ.

ಕ್ರೀಟ್ ದ್ವೀಪದ ರೈತರ ಊಟವನ್ನು 1948ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನ ಸಮೀಕ್ಷೆ ಮಾಡಿತ್ತು. ಅಮೆರಿಕದ ಆನ್ಸೆಲ್ ಕೀಸ್ 1958ರಲ್ಲಿ ಆರಂಭಿಸಿದ ಏಳು ದೇಶಗಳ ಅಧ್ಯಯನದಲ್ಲಿ ಹೃದಯಾಘಾತದ ಸಾವು ತೀರ ಕಡಿಮೆ ಕಂಡದ್ದೂ ಕ್ರೀಟ್‌ನವರಲ್ಲೇ. 2010ರಲ್ಲಿ ಯುನೆಸ್ಕೊ ಮೆಡಿಟರೇನಿಯನ್ ಊಟದ ಪದ್ಧತಿಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಹಿರಿಮೆಯನ್ನು ಒಂದು ಸಲಾಡಿಗೆ ಕಟ್ಟುವುದು ತಪ್ಪು. ಆ ರೈತರು ಕಾಳು, ಬೇಯಿಸಿದ ಕಾಡುಸೊಪ್ಪು, ಬಾರ್ಲಿ ರೊಟ್ಟಿ ತಿಂದು, ಮಾಂಸ ಕಡಿಮೆ ಮಾಡಿ, ದಿನವಿಡೀ ಗುಡ್ಡ ಹತ್ತಿ ಇಳಿಯುತ್ತಿದ್ದರು. ಎಣ್ಣೆಯ ವಿಷಯದಲ್ಲಿ ಒಂದು ಮಾತು ಮಾತ್ರ ಖಚಿತ. ಟೊಮೇಟೊಗೆ ಕೆಂಪು ಕೊಡುವ ಲೈಕೊಪೀನ್ ಕೊಬ್ಬಿನಲ್ಲಿ ಕರಗುವಂಥದು, ಎಣ್ಣೆಯೇ ಇಲ್ಲದೆ ತಿಂದರೆ ಅದರ ಬಹುಪಾಲು ಮೈಗೆ ಹತ್ತುವುದಿಲ್ಲ. ಹಾಗಾಗಿ ಎಣ್ಣೆಗೆ ಕೈ ಬಿಗಿ ಹಿಡಿಯಬೇಡಿ.

ತರಕಾರಿ ಮುಗಿದ ಮೇಲೆ ಉಳಿದ ರಸವನ್ನು ಗ್ರೀಕರು ಬ್ರೆಡ್ಡಿನ ತುಣುಕಿನಿಂದ ಒರೆಸಿ ತಿನ್ನುತ್ತಾರೆ. ಪಪಾರಾ ಎನ್ನುತ್ತಾರೆ ಅದಕ್ಕೆ. ಕ್ರೀಟ್‌ನಲ್ಲಿ ಎರಡು ಸಲ ಸುಟ್ಟ ಬಾರ್ಲಿ ರೊಟ್ಟಿಯ ಮೇಲೆ ತುರಿದ ಟೊಮೇಟೊ, ಮಿಜಿಥ್ರಾ ಎಂಬ ಮೆತ್ತನೆಯ ಚೀಸ್, ಎಣ್ಣೆ ಹಾಕಿ ದಾಕೋಸ್ ಮಾಡುತ್ತಾರೆ. ಅಲ್ಲಿ ರೊಟ್ಟಿಯೇ ತಟ್ಟೆ. ನಮ್ಮ ಬೇಕರಿಯ ಸಿಹಿ ಬ್ರೆಡ್ಡಿಗಿಂತ ಉತ್ತರ ಕರ್ನಾಟಕದ ಕಡಕ್ ಜೋಳದ ರೊಟ್ಟಿ ಈ ಕೆಲಸಕ್ಕೆ ವಾಸಿ, ಮುರಿದು ರಸದಲ್ಲಿ ಅದ್ದಿದರೆ ಒಂದು ನಿಮಿಷದಲ್ಲಿ ಹದವಾಗುತ್ತದೆ. ಆರ್ಥೊಡಾಕ್ಸ್ ಕ್ರೈಸ್ತರ ಉಪವಾಸದ ದಿನಗಳಲ್ಲಿ ಹಾಲಿನ ಪದಾರ್ಥ ನಿಷಿದ್ಧ, ಆಗ ಚೀಸ್ ಬಿಟ್ಟು ಇದೇ ಸಲಾಡನ್ನು ಮಾಡಿಕೊಳ್ಳಬಹುದು. ಚಳಿಗಾಲದಲ್ಲಿ ಅಲ್ಲಿನ ಮನೆಗಳಲ್ಲಿ ಎಲೆಕೋಸು ಕ್ಯಾರೆಟ್ಟಿನ ಸಲಾಡ್, ವಸಂತದಲ್ಲಿ ಸಬ್ಬಸಿಗೆ ಸೊಪ್ಪು ಬೆರೆಸಿದ ಲೆಟ್ಯೂಸ್. ಟೊಮೇಟೊ ಮಾಗುವವರೆಗೆ ಹೋರಿಯಾಟಿಕಿಗೆ ಕಾಯುತ್ತಾರೆ.