ಶಾಂತ ಪ್ರತಿಭಟನೆ, ದಸ್ತಗಿರಿ ಮತ್ತು ಅನಂತರದ ವ್ಯವಹಾರ

1917ರ ಏಪ್ರಿಲ್ ತಿಂಗಳಿನಲ್ಲಿ, ನೀಲಿ ಬೆಳೆಯುವ ರೈತರ ಸಂಕಟವನ್ನು ವಿಚಾರಿಸಲೆಂದು ಬಿಹಾರದ ಚಂಪಾರಣಕ್ಕೆ ಹೋದ ಗಾಂಧೀಜಿಯವರಿಗೆ, ಆ ಜಿಲ್ಲೆಯನ್ನು ಬಿಟ್ಟು ಹೊರಡತಕ್ಕದ್ದೆಂದು ದಂಡ ಪ್ರಕ್ರಿಯಾ ಸಂಹಿತೆಯ 144ನೆಯ ಕಲಮಿನ ಮೇರೆಗೆ ಆಜ್ಞೆ ಜಾರಿಯಾಯಿತು. ಅದೇ ತಿಂಗಳ 18ರಂದು ಮೋತಿಹಾರಿಯ ನ್ಯಾಯಾಲಯದಲ್ಲಿ ನಿಂತು, ಆಜ್ಞೆಯನ್ನು ಮೀರಿದುದು ನಿಜವೆಂದು ತಾವಾಗಿಯೇ ಒಪ್ಪಿ, ವಿಧಿಸುವ ಶಿಕ್ಷೆಯನ್ನು ಅನುಭವಿಸಲು ಸಿದ್ಧರೆಂದು ಅವರು ಅರಿಕೆ ಮಾಡಿಕೊಂಡಾಗ, ವಾದಕ್ಕೆ ಸನ್ನದ್ಧನಾಗಿ ಬಂದಿದ್ದ ಸರ್ಕಾರಿ ವಕೀಲನಿಗೂ ಮ್ಯಾಜಿಸ್ಟ್ರೇಟನಿಗೂ ಮುಂದೇನೆಂಬುದು ತೋಚದೆ ಹೋಯಿತು. ತೀರ್ಪನ್ನು ಮುಂದಕ್ಕೆ ಹಾಕಲಾಯಿತು. ಅಷ್ಟರಲ್ಲಿ ಲೆಫ್ಟಿನೆಂಟ್ ಗವರ್ನರನ ಆದೇಶ ಬಂದು ಮೊಕದ್ದಮೆಯನ್ನೇ ಹಿಂತೆಗೆದುಕೊಳ್ಳಲಾಯಿತು.

ಈ ಪ್ರಸಂಗವು ನಮ್ಮ ಜನದ ಮನಸ್ಸಿನಲ್ಲಿ ಎಷ್ಟು ಆಳವಾಗಿ ನೆಲೆಗೊಂಡಿದೆಯೆಂದರೆ, ಪ್ರತಿಭಟನೆಯಲ್ಲಿ ಸೆರೆಸಿಕ್ಕವನು ತಪ್ಪೊಪ್ಪಿಕೊಂಡು ಶಿಕ್ಷೆಯನ್ನು ಶಿರಸಾವಹಿಸುವುದೇ ಯೋಗ್ಯವಾದ ನಡತೆಯೆಂದು ಇಂದಿಗೂ ಅನೇಕರು ಬಗೆಯುತ್ತಾರೆ. ಅನ್ಯಾಯವಾದ ಕಾನೂನನ್ನು ಬೇಕೆಂದೇ ಮುರಿಯುವ ಸತ್ಯಾಗ್ರಹಿಗೆ ಆ ಮಾರ್ಗ ಶೋಭಿಸುತ್ತದೆ. ಆದರೆ ಶಾಂತರಾಗಿ, ನಿರಾಯುಧರಾಗಿ ಸಭೆ ಸೇರುವುದು ಸಂವಿಧಾನದ 19ನೆಯ ಅನುಚ್ಛೇದವು ಪ್ರಜೆಗೆ ಕೊಟ್ಟ ಹಕ್ಕಾಗಿರುವಾಗ, ಆ ಹಕ್ಕನ್ನು ಚಲಾಯಿಸಿದವನು ಅಪರಾಧಿಯಂತೆ ತಲೆಬಾಗಬೇಕಾದ ಕಾರಣವಿಲ್ಲವೆಂಬುದೇ ಈ ಅಧ್ಯಾಯದಲ್ಲಿ ನಾನು ಹೇಳಬೇಕೆಂದಿರುವ ಮುಖ್ಯ ಮಾತು. ದೇಶದ ಸಾರ್ವಭೌಮತೆ, ಅಖಂಡತೆ, ಸಾರ್ವಜನಿಕ ಸುವ್ಯವಸ್ಥೆ ಇವುಗಳ ಹಿತಕ್ಕಾಗಿ ಯುಕ್ತವಾದ ನಿರ್ಬಂಧಗಳನ್ನು ಶಾಸನದ ಮೂಲಕ ಹಾಕಲು ಸರ್ಕಾರಕ್ಕೆ ಅಧಿಕಾರವುಂಟು, ನಿಜ. ಆದರೆ ಹಾಕಿದ ನಿರ್ಬಂಧವು ಯುಕ್ತವೋ ಅಲ್ಲವೋ ಎಂಬುದನ್ನು ನಿರ್ಣಯಿಸತಕ್ಕದ್ದು ನ್ಯಾಯಾಲಯ.

ರಾಮಮನೋಹರ ಲೋಹಿಯಾ ಅವರ ಜೀವನದಲ್ಲಿ ಇದಕ್ಕೆ ಒಳ್ಳೆಯ ನಿದರ್ಶನವಿದೆ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿ ಅಳೆಯುವ ಕೊಳಗದ ವಿಚಾರವಾಗಿ ಎದ್ದ ರೈತರ ಸತ್ಯಾಗ್ರಹಕ್ಕೆ ಬಂದು ದಸ್ತಗಿರಿಯಾಗಿದ್ದ ಅವರು, 1954ರಲ್ಲಿ ಉತ್ತರ ಪ್ರದೇಶದಲ್ಲಿ, ಹೆಚ್ಚಿಸಿದ ನೀರಾವರಿ ದರವನ್ನು ಕೊಡಬೇಡಿರೆಂದು ರೈತರಿಗೆ ಹೇಳಿದ ಭಾಷಣಗಳಿಗಾಗಿ ಮತ್ತೆ ಬಂದೀಖಾನೆ ಸೇರಿದರು. ಈ ಸಲ ಅವರು, ತಮ್ಮನ್ನು ಹಿಡಿದಿಟ್ಟ 1932ರ ಶಾಸನದ ಕಲಮೇ ಸಂವಿಧಾನಕ್ಕೆ ವಿರುದ್ಧವೆಂದು ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿ ಬಿಡುಗಡೆ ಹೊಂದಿದರು. ಸರ್ಕಾರವು ಮೇಲ್ಮನವಿ ಹೋದಾಗ, 1960ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಆಡಿದ ಮಾತಿಗೂ ಆಗಬಹುದಾದ ಅಶಾಂತಿಗೂ ನಿಕಟವಾದ ಸಂಬಂಧವಿದ್ದ ಹೊರತು ಸುವ್ಯವಸ್ಥೆಯ ಹೆಸರಿನಲ್ಲಿ ಮಾತನ್ನು ತಡೆಯಲಾಗದೆಂದು ಹೇಳಿ, ಆ ಕಲಮು ಅಸಿಂಧುವೆಂಬ ತೀರ್ಪನ್ನು ಎತ್ತಿಹಿಡಿಯಿತು. ಒಬ್ಬ ಬಂದಿಯ ಹಟದಿಂದ ದೇಶದ ಸಮಸ್ತ ಭಾಷಣಕಾರರಿಗೂ ಲಾಭವಾಯಿತು.

ಇಂದು ನಮ್ಮ ನಗರಗಳಲ್ಲಿ ಪ್ರತಿಭಟನಾಕಾರನಿಗೆ ಸಾಮಾನ್ಯವಾಗಿ ಒದಗುವ ಅನುಭವ ಸೆರೆಮನೆಯದಲ್ಲ. ಘೋಷಣೆ ಕೂಗುತ್ತ ಕುಳಿತವರನ್ನು ಎತ್ತಿ ಬಸ್ಸಿಗೆ ಹತ್ತಿಸಿ, ಮೀಸಲು ಪಡೆಯ ಮೈದಾನಕ್ಕೋ ಕಲ್ಯಾಣಮಂಟಪಕ್ಕೋ ಕರೆದೊಯ್ದು, ಹೆಸರು ವಿಳಾಸಗಳನ್ನು ಬರೆದುಕೊಂಡು, ಸಂಜೆಯ ಹೊತ್ತಿಗೆ ಬಿಟ್ಟುಬಿಡುತ್ತಾರೆ. ಎಲ್ಲಿಗೆ ಒಯ್ಯುತ್ತಾರೆ, ಎಷ್ಟು ಹೊತ್ತು ಇಡುತ್ತಾರೆ, ಮನೆಯವರಿಗೆ ತಿಳಿದಿದೆಯೇ ಎಂಬ ಅನಿಶ್ಚಯವೇ, ಅದರಲ್ಲಿಯೂ ಮೊದಲ ಸಲ ಬಂದ ವಿದ್ಯಾರ್ಥಿಗಳಿಗೆ, ಬಹಳ ಬಾಧಿಸತಕ್ಕದ್ದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಇದಕ್ಕೆ ಎರಡು ಆಧಾರಗಳುಂಟು. ವಾರಂಟಿಲ್ಲದೆ ದಸ್ತಗಿರಿ ಮಾಡಬಹುದಾದ ಅಪರಾಧದ ಸಂಚು ತಿಳಿದುಬಂದು, ಅದನ್ನು ಬೇರೆ ವಿಧದಿಂದ ತಡೆಯಲಾಗದೆಂದು ತೋರಿದಾಗ, 170ನೆಯ ಕಲಮಿನ ಮೇರೆಗೆ ಮುಂಜಾಗ್ರತೆಯಾಗಿ ಹಿಡಿಯಬಹುದು. ಪೊಲೀಸರ ಕಾನೂನುಬದ್ಧ ಸೂಚನೆಯನ್ನು ಪಾಲಿಸದವರನ್ನು ಹೊಸದಾಗಿ ಸೇರಿಸಿದ 172ನೆಯ ಕಲಮಿನ ಮೇರೆಗೆ ತಡೆದಿಡಬಹುದು ಅಥವಾ ಅಲ್ಲಿಂದ ಒಯ್ಯಬಹುದು. ಎರಡರಲ್ಲಿಯೂ 24 ಗಂಟೆಗಳ ಮಿತಿಯುಂಟು. ಕಾರಣವನ್ನು ತಿಳಿಯುವ ಹಕ್ಕನ್ನೂ ತನ್ನ ಆಯ್ಕೆಯ ವಕೀಲನೊಡನೆ ಸಮಾಲೋಚಿಸುವ ಹಕ್ಕನ್ನೂ ಸಂವಿಧಾನದ 22ನೆಯ ಅನುಚ್ಛೇದ ಕೊಟ್ಟಿದೆ; ದಸ್ತಗಿರಿಯ ಟಿಪ್ಪಣಿಯನ್ನು ಬರೆದು ಸಾಕ್ಷಿಯ ಸಹಿ ಹಾಕಿಸತಕ್ಕದ್ದೆಂದು ಡಿ.ಕೆ. ಬಸು ಪ್ರಕರಣದಲ್ಲಿ 1996ರಷ್ಟು ಹಿಂದೆಯೇ ಸರ್ವೋಚ್ಚ ನ್ಯಾಯಾಲಯವು ವಿಧಿಸಿದೆ. ಅಸಾಧಾರಣ ಸಂದರ್ಭದಲ್ಲಿ, ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಪಡೆದು ಮಹಿಳಾ ಪೊಲೀಸ್ ಅಧಿಕಾರಿಯೇ ಬಂದ ಹೊರತು, ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಸ್ತ್ರೀಯರನ್ನು ದಸ್ತಗಿರಿ ಮಾಡಕೂಡದು.

ಹಳೆಯ 144ನೆಯ ಕಲಮು ಹೊಸ ಸಂಹಿತೆಯಲ್ಲಿ 163 ಆಗಿದೆ. 2019ರ ಡಿಸೆಂಬರ್ 18ರಂದು, ಪೌರತ್ವ ತಿದ್ದುಪಡಿ ಶಾಸನದ ವಿರುದ್ಧ ಪ್ರತಿಭಟನೆಗಳು ನಡೆಯಲಿದ್ದಾಗ, ಬೆಂಗಳೂರಿನಲ್ಲಿ ಇಂತಹ ನಿಷೇಧಾಜ್ಞೆ ಹೊರಟಿತು. ಮರುದಿನ ಪುರಭವನದ ಬಳಿ ಇತಿಹಾಸಕಾರ ರಾಮಚಂದ್ರ ಗುಹಾ ಅವರೂ ಸೇರಿದಂತೆ ಅನೇಕರನ್ನು ಪೊಲೀಸರು ವಶಕ್ಕೆ ತೆಗೆದುಕೊಂಡರು. ಆಜ್ಞೆ ಮೂರೇ ದಿನದ್ದಾಗಿದ್ದರೂ, ಅವಧಿ ಮುಗಿಯಿತೆಂದು ಕೈಬಿಡದೆ ವಿಚಾರಿಸಿದ ಕರ್ನಾಟಕ ಉಚ್ಚ ನ್ಯಾಯಾಲಯವು 2020ರ ಫೆಬ್ರವರಿ 13ರಂದು ಅದು ಕಾನೂನಿಗೆ ವಿರುದ್ಧವೆಂದು ತೀರ್ಪಿತ್ತಿತು. ಪ್ರಜೆಗಳ ಹಕ್ಕನ್ನು ಮೊಟಕುಗೊಳಿಸುವ ಅಧಿಕಾರಿಯು ತನ್ನ ಕಾರಣಗಳನ್ನು ಬರೆದಿಡಬೇಕು, ಆ ಕಾರಣಗಳು ಪರೀಕ್ಷೆಗೆ ನಿಲ್ಲಬೇಕು ಎಂಬ ತತ್ತ್ವಕ್ಕೆ ಇದರಿಂದ ಬಲ ಬಂದಿತು. ನನಗೆ ಈ ತೀರ್ಪು ನಮ್ಮ ರಾಜ್ಯದ ನ್ಯಾಯಾಂಗ ಚರಿತ್ರೆಯಲ್ಲಿ ಗೌರವಾರ್ಹವೆಂದು ತೋರುತ್ತದೆ.

ಬಿಡುಗಡೆಯೊಡನೆ ವ್ಯವಹಾರ ಮುಗಿಯಿತೆಂದು ಭಾವಿಸುವವರೇ ಬಹುಮಂದಿ. ಮೊಕದ್ದಮೆ ದಾಖಲಾಗಿದೆಯೇ ಇಲ್ಲವೇ ಎಂಬುದನ್ನು ಠಾಣೆಯಿಂದ ಹೊರಡುವ ಮೊದಲೇ ಕೇಳಿ ತಿಳಿಯಬೇಕು. ಸಾಮಾನ್ಯವಾಗಿ ಹೊರಿಸುವ ಆರೋಪಗಳು ಎರಡು: ಐವರು ಅಥವಾ ಅದಕ್ಕೆ ಹೆಚ್ಚು ಮಂದಿಯ ಕಾನೂನುಬಾಹಿರ ಕೂಟದಲ್ಲಿ ಸೇರಿದುದು, ನಿಷೇಧಾಜ್ಞೆಯನ್ನು ಉಲ್ಲಂಘಿಸಿದುದು. ಮೊದಲನೆಯದಕ್ಕೆ ಆರು ತಿಂಗಳವರೆಗೆ ಸಜೆಯುಂಟು. ಎರಡನೆಯದಕ್ಕೆ ಸಾಮಾನ್ಯವಾಗಿ ಆರು ತಿಂಗಳು, ಜೀವಕ್ಕೋ ಆರೋಗ್ಯಕ್ಕೋ ಅಪಾಯವೊದಗಿಸಿದ್ದರೆ ಒಂದು ವರ್ಷ. ಎರಡನೆಯ ಆರೋಪವನ್ನು, ಆಜ್ಞೆ ಹೊರಡಿಸಿದ ಅಧಿಕಾರಿಯೋ ಅವನ ಮೇಲಧಿಕಾರಿಯೋ ಅವನಿಂದ ಅಧಿಕಾರ ಪಡೆದ ಬೇರೊಬ್ಬ ಅಧಿಕಾರಿಯೋ ಲಿಖಿತವಾಗಿ ದೂರು ಕೊಟ್ಟ ಹೊರತು, ನ್ಯಾಯಾಲಯವು ವಿಚಾರಣೆಗೆ ಪರಿಗ್ರಹಿಸಲಾಗದು. ಈ ಲೋಪವೊಂದರಿಂದಲೇ ಉಚ್ಚ ನ್ಯಾಯಾಲಯಗಳಲ್ಲಿ ಅನೇಕ ಮೊಕದ್ದಮೆಗಳು ರದ್ದಾಗಿವೆ. ಸರ್ಕಾರಗಳು ರೈತರ, ಕನ್ನಡ ಹೋರಾಟಗಾರರ ಮೇಲಿನ ಮೊಕದ್ದಮೆಗಳನ್ನು ಆಗಾಗ ಹಿಂತೆಗೆದುಕೊಳ್ಳುವುದುಂಟು. ಅದಕ್ಕೂ ನ್ಯಾಯಾಲಯದ ಸಮ್ಮತಿ ಬೇಕು.

ಶಿಕ್ಷೆ ಅಲ್ಪವಾದರೂ ಅದರ ನೆರಳು ದೀರ್ಘವಾದುದು. ಮೊಕದ್ದಮೆ ನ್ಯಾಯಾಲಯದಲ್ಲಿ ಬಾಕಿಯಿದ್ದರೆ ಪಾಸ್‌ಪೋರ್ಟಿಗೆ ತಡೆಯುಂಟಾಗಿ, ಆ ನ್ಯಾಯಾಲಯದ ಅನುಮತಿಯನ್ನು ತರಬೇಕಾಗುತ್ತದೆ. ಸರ್ಕಾರಿ ನೌಕರಿಯ ಅರ್ಜಿಯಲ್ಲಿ ಅದನ್ನು ಮುಚ್ಚಿಟ್ಟರೆ, ಮುಚ್ಚಿಟ್ಟುದೇ ನೌಕರಿಗೆ ಕುತ್ತಾಗಬಹುದು. 2016ರಲ್ಲಿ ಅವತಾರ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಎಳೆಯ ವಯಸ್ಸಿನಲ್ಲಿ ಘೋಷಣೆ ಕೂಗಿದಂತಹ ಕ್ಷುಲ್ಲಕ ಪ್ರಕರಣವನ್ನು ಮರೆಮಾಚಿದ್ದರೂ ಅದನ್ನು ಲೆಕ್ಕಿಸದೆ ಬಿಡುವ ವಿವೇಚನೆ ನೇಮಕ ಮಾಡುವವರಿಗಿದೆಯೆಂದು ಹೇಳಿತು. ಅದು ಅವರ ವಿವೇಚನೆಯೇ ಹೊರತು ಅಭ್ಯರ್ಥಿಯ ಹಕ್ಕಲ್ಲ. ಆದುದರಿಂದ ಉಳ್ಳದ್ದನ್ನು ಉಳ್ಳಂತೆ ಬರೆಯುವುದೇ ಕ್ಷೇಮ.

ಸಮನ್ಸು ಬಂದ ದಿನ ಹಾಜರಾಗದಿದ್ದರೆ ವಾರಂಟು ಹೊರಡುತ್ತದೆ. ಶಾಂತವಾಗಿ ಕುಳಿತಿದ್ದವನು ತಲೆತಪ್ಪಿಸಿಕೊಂಡವನೆಂಬ ಹೆಸರನ್ನು ಹೊರುತ್ತಾನೆ. ವಾಯಿದೆಗಳಿಗೆ ಅಲೆದಲೆದು ಬೇಸತ್ತವರಿಗೆ, ತಪ್ಪೊಪ್ಪಿಕೊಂಡು ಕೆಲವು ನೂರು ರೂಪಾಯಿ ದಂಡ ಕಟ್ಟಿ ಮುಗಿಸಿಕೊಳ್ಳಿರೆಂದು ಹಿತವರು ಹೇಳುವುದುಂಟು. ಹಾಗೆ ಕಟ್ಟಿದ ದಂಡವೂ ಅಪರಾಧ ಸಾಬೀತಾದುದರ ದಾಖಲೆಯೇ ಎಂಬುದನ್ನು ವಾಚಕರು ಮರೆಯಬಾರದು. ಅಂತಹ ನಿರ್ಧಾರಕ್ಕೆ ಮುನ್ನ ವಕೀಲರನ್ನು ಕಾಣಿರಿ. ವಶದಲ್ಲಿರುವವರಿಗೆ, ಸ್ತ್ರೀಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡಗಳವರಿಗೆ ಆದಾಯವನ್ನು ನೋಡದೆ ಉಚಿತ ಕಾನೂನು ನೆರವು ಕೊಡತಕ್ಕದ್ದೆಂದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಶಾಸನವು ವಿಧಿಸಿದೆ. ಅದಕ್ಕಾಗಿ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಡಬಹುದು.