ಕಾಯಕಕ್ಕೆ ತಕ್ಕ ಜೊತೆಗಾರ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯ ಅಡಿಕೆ ತೋಟಗಳಲ್ಲಿ ಇಂದು ಮರವೇರುವವರು ದೊರೆಯುವುದೇ ದುರ್ಲಭ. ಮಳೆಗಾಲದಲ್ಲಿ ಬೋರ್ಡೋ ದ್ರಾವಣ ಸಿಂಪಡಿಸಲು ಸಕಾಲಕ್ಕೆ ಆಳು ಬಾರದಿದ್ದರೆ ಕೊಳೆರೋಗಕ್ಕೆ ಫಸಲು ಉದುರಿಹೋಗುತ್ತದೆ. ಈ ಕೊರತೆಯನ್ನು ನೀಗಲು ಎಂಜಿನಿಯರಿಂಗ್ ಕಲಿತ ತರುಣನೊಬ್ಬ ನೆಲದಲ್ಲಿ ನಿಂತೇ ಔಷಧ ಹೊಡೆಯುವ ಸಾಧನವನ್ನು ನಿರ್ಮಿಸಿದನೆಂದು ಭಾವಿಸೋಣ. ಯಂತ್ರ ಸಿದ್ಧವಾದ ಮಾತ್ರಕ್ಕೆ ಉದ್ಯಮ ಸಿದ್ಧವಾಯಿತೇ? ಬೆಳೆಗಾರರ ಅಂಗಳಕ್ಕೆ ಹೋಗಿ ಅವರ ಸಂದೇಹಗಳನ್ನು ಕೇಳಬೇಕು. ಅಡಿಕೆ ಮಾರಾಟವಾಗುವವರೆಗೆ ಯಾರಿಗೆ ಸಾಲ ಕೊಡಬೇಕೆಂಬುದನ್ನು ನಿರ್ಧರಿಸಬೇಕು. ಲೆಕ್ಕ ಬರೆಯಬೇಕು, ವಸೂಲಿ ಮಾಡಬೇಕು. ಈ ಭಾರವನ್ನು ಹೊರಲು ಯಂತ್ರ ತಿಳಿಯದಿದ್ದರೂ ಜನವನ್ನು ತಿಳಿದ ಜೊತೆಗಾರರು ಬೇಕು.

ಇದಕ್ಕೆ ದೂರದ ನಿದರ್ಶನ ಬೇಡ. ಆಗುಂಬೆ ಘಟ್ಟ ಇಳಿದರೆ ಸಿಗುವ ಉಡುಪಿಯಲ್ಲಿ 1925ರಲ್ಲಿ ಮೂವರು ಕೂಡಿ ಒಂದು ಬ್ಯಾಂಕನ್ನು ಸ್ಥಾಪಿಸಿದರು. ಉಪೇಂದ್ರ ಅನಂತ ಪೈ ವ್ಯಾಪಾರಿ, ವಾಮನ ಕುಡ್ವ ಎಂಜಿನಿಯರ್, ಡಾ. ಟಿ.ಎಂ.ಎ. ಪೈ ವೈದ್ಯರು. ಬಂಡವಾಳ 8,000 ರೂಪಾಯಿ. ಸಂಕಷ್ಟದಲ್ಲಿದ್ದ ನೇಕಾರರಿಗೆ ನೆರವಾಗುವುದು ಉದ್ದೇಶ. 1928ರಲ್ಲಿ ಅವರ ಸಂಸ್ಥೆ ಆರಂಭಿಸಿದ ಪಿಗ್ಮಿ ಠೇವಣಿಯಲ್ಲಿ ಪ್ರತಿನಿಧಿಗಳು ದಿನವೂ ಮನೆಬಾಗಿಲಿಗೆ ಹೋಗಿ ಎರಡಾಣೆಯನ್ನೂ ಸಂಗ್ರಹಿಸುತ್ತಿದ್ದರು. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕಾಗಿ ಬೆಳೆದು, 1969ರಲ್ಲಿ ರಾಷ್ಟ್ರೀಕೃತವಾಗಿ, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಮೂವರ ಕಸುಬೂ ಬೇರೆ, ಗುರಿ ಒಂದೇ ಎಂಬುದನ್ನು ಗಮನಿಸಬೇಕು.

ಜೊತೆಗಾರರನ್ನು ಆರಿಸುವಾಗ ಹಣವುಳ್ಳವರು ಅಥವಾ ನೆಂಟರು ಎಂಬುದೊಂದೇ ಕಾರಣವಾಗಬಾರದು. ಹಣವನ್ನು ಸಾಲವಾಗಿ ಪಡೆಯಬಹುದು, ವಿವೇಕವನ್ನು ಪಡೆಯಲಾಗದು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಅದನ್ನು ಹಿಂದಿರುಗಿಸಿ ಬರುವಂತೆ ತಿದ್ದಿದವರು ಲಕ್ಕಮ್ಮನವರು. ಹೊಗಳುವವರು ಊರಿಗೆ ನೂರು ಮಂದಿ ಸಿಗುತ್ತಾರೆ. "ಇದು ಸಲ್ಲದು" ಎಂದು ಎದುರಿಗೆ ನಿಂತು ಹೇಳುವವರೇ ನಿಜವಾದ ಪಾಲುದಾರರು.

ಅಂಥವರು ಎಲ್ಲಿದ್ದಾರೆ? ಸಹಕಾರ ಸಂಘದ ಸಭೆಯಲ್ಲಿದ್ದಾರೆ. ಬಾಳೆಹೊನ್ನೂರಿನ ಶ್ರೀ ರಂಭಾಪುರಿ ಪೀಠಕ್ಕೆ ಬರುವ ಭಕ್ತರ ನಡುವೆ ಇದ್ದಾರೆ. ಸ್ತ್ರೀಶಕ್ತಿ ಸಂಘದ ಲೆಕ್ಕಪುಸ್ತಕವನ್ನು ಒಂದು ರೂಪಾಯಿಯೂ ತಪ್ಪದಂತೆ ಇಟ್ಟ ಮನೆಯ ಸೊಸೆಯೂ ಅಂಥವಳೇ. ಅವಳ ಯೋಗ್ಯತೆಯನ್ನು ಗುರುತಿಸದೆ ಬೆಂಗಳೂರಿನಲ್ಲಿ ಜನ ಹುಡುಕುವುದೇಕೆ? ಮೊದಲು ಒಂದು ಮಳೆಗಾಲ ಕೂಡಿ ದುಡಿಯಿರಿ. ಹತ್ತು ತೋಟಗಳ ಕೆಲಸ ವಹಿಸಿಕೊಂಡು, ನಷ್ಟ ಬಂದಾಗ, ಗಿರಾಕಿ ಗದರಿದಾಗ ಅವರು ಹೇಗೆ ನಡೆದುಕೊಳ್ಳುವರೆಂದು ನೋಡಿರಿ. ಅವರೂ ನಿಮ್ಮನ್ನು ನೋಡಲಿ.

ಮನಸ್ಸು ಕೂಡಿದ ಮೇಲೆ ಕಾಗದ ಬೇಕು. "ನಮ್ಮವರೇ ಅಲ್ಲವೇ, ಬರಹವೇಕೆ?" ಎಂಬ ಸಂಕೋಚದಿಂದ ಮುಂದೆ ಅಣ್ಣತಮ್ಮಂದಿರು ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರದಂತಾಗುತ್ತದೆ. ಯಾರ ಕೆಲಸ ಯಾವುದು, ಯಾರ ಪಾಲೆಷ್ಟು, ಬಿಟ್ಟುಹೋದರೆ ಏನು ದಕ್ಕಬೇಕು ಎಂಬುದನ್ನು ಪ್ರೀತಿಯಿರುವಾಗಲೇ ಬರೆಯಬೇಕು. ಪಾಲನ್ನು ಮೊದಲ ದಿನವೇ ಪೂರ್ತಿ ಕೊಡದೆ, ನಾಲ್ಕು ವರ್ಷಗಳ ದುಡಿಮೆಯಲ್ಲಿ ಹಂತಹಂತವಾಗಿ ದಕ್ಕುವಂತೆ ಮಾಡುವುದು ನವೋದ್ಯಮಗಳಲ್ಲಿ ರೂಢಿಯಲ್ಲಿರುವ ಒಳ್ಳೆಯ ಕ್ರಮ. 1932ರ ಪಾಲುದಾರಿಕೆ ಕಾಯ್ದೆಯಂತೆ ಸಂಸ್ಥೆಯ ಸಾಲಕ್ಕೆ ಪ್ರತಿಯೊಬ್ಬ ಪಾಲುದಾರನೂ ಹೊಣೆ. ಅವನ ಸ್ವಂತ ಆಸ್ತಿಗೂ ಅದು ತಟ್ಟಬಹುದು. 2008ರ ಸೀಮಿತ ಹೊಣೆಗಾರಿಕೆ ಪಾಲುದಾರಿಕೆ ಕಾಯ್ದೆಯಲ್ಲಿ ಆ ಹೊಣೆಗೆ ಮಿತಿಯುಂಟು. ಮನೆ ತೋಟ ಅಡವಿಡುವ ಮುನ್ನ ಹಿರಿಯರು ಈ ವ್ಯತ್ಯಾಸವನ್ನು ತಿಳಿದಿರಬೇಕು.

ಶರಣರು ಎಲ್ಲ ಕಾಯಕಗಳನ್ನೂ ಸಮಾನವೆಂದು ಎಣಿಸಿದರು. ಯಂತ್ರ ಮಾಡುವವನು ಹೆಚ್ಚಲ್ಲ, ಲೆಕ್ಕ ಬರೆಯುವವಳು ಕಡಿಮೆಯಲ್ಲ. ಈ ಸಮಭಾವವಿದ್ದಲ್ಲಿ ಉದ್ಯಮವೂ ಉಳಿಯುತ್ತದೆ, ಮನೆತನವೂ ಉಳಿಯುತ್ತದೆ.